ಹೊನ್ನಾವರದ ಊಟ, ಕುಮಟೆಯ ಬಳಚು

ಹೊನ್ನಾವರದಲ್ಲಿ ಬಂದರಿನ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮೀನೂಟದ ಹೋಟೆಲ್ ಇದೆ. ಬೋರ್ಡಿಲ್ಲ. ಬಾಗಿಲ ಪಕ್ಕದ ಹಲಗೆಯಲ್ಲಿ ಆ ದಿನ ಏನಿದೆ ಅಂತ ಸುಣ್ಣದ ಕಡ್ಡಿಯಲ್ಲಿ ಬರೆದಿರುತ್ತಾರೆ, ಅಷ್ಟೇ. ಐದು ಮೇಜು, ಎರಡು ಫ್ಯಾನು. ಒಂದು ತಿರುಗುವುದಿಲ್ಲ. ಕಳೆದ ಭಾನುವಾರ ಹಲಗೆಯಲ್ಲಿ ‘ಬಳಚು ಸುಕ್ಕಾ’ ಅಂತ ಕಂಡಿತು. ಬಳಚು ಅಂದರೆ ಹೊಳೆಯ ಕೆಸರಲ್ಲಿ ಸಿಗುವ ಚಿಪ್ಪುಮೀನು, ಸುಕ್ಕಾ ಅಂದರೆ ಅದರ ಒಣ ಮಸಾಲೆ ಪಲ್ಯ. ಹುಬ್ಬಳ್ಳಿಯಿಂದ ಊರಿಗೆ ಹೊರಟಿದ್ದವನು ಬೈಕ್ ನಿಲ್ಲಿಸಿಬಿಟ್ಟೆ.

ಮೊದಲು ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೋಕಂ ಕಡಿ. ಸಾರು ಸಾಧಾರಣ, ಹುಳಿ ಸ್ವಲ್ಪ ಜಾಸ್ತಿ. ಆದರೆ ಸುಕ್ಕಾ ಬಂತು ನೋಡಿ! ಅರ್ಧ ಚಿಪ್ಪಿಗೆ ಅಂಟಿಕೊಂಡ ಮಾಂಸ, ಅದರ ಮೇಲೆ ಹುರಿದ ಕಾಯಿತುರಿ, ಕೊತ್ತಂಬರಿ ಬೀಜದ ಪರಿಮಳ. ಚಿಪ್ಪನ್ನೇ ಚಮಚ ಮಾಡಿಕೊಂಡು ಹೀರಬೇಕು. ಇಪ್ಪತ್ತರಲ್ಲಿ ಮೂರು ಚಿಪ್ಪಿನಲ್ಲಿ ಮರಳು ಕರಕರ ಅಂತು. ರಾತ್ರಿಯಿಡೀ ನೀರಲ್ಲಿಟ್ಟಿದ್ದರೆ ಬಳಚು ತಾನಾಗಿ ಮರಳು ಉಗುಳುತ್ತದೆ, ಅಷ್ಟು ತಾಳ್ಮೆ ಇವರಿಗೆ ಇರಲಿಲ್ಲ ಅನಿಸುತ್ತದೆ. ಪ್ಲೇಟಿಗೆ 150 ರೂಪಾಯಿ.

ಬಡಿಸುತ್ತಿದ್ದ ಅಕ್ಕನನ್ನು ಸುಮ್ನೆ ಕೇಳಿದೆ, ‘ಇದು ನಮ್ಮ ಹೊಳೆಯದ್ದಾ?’

‘ಇಲ್ಲ ತಮಾ, ಕುಮಟೆ ಬದಿಯದು. ಶರಾವತೀಲಿ ಬಳಚು ಎಲ್ಲಿ ಉಳಿದಿದೆ?’

ಅಲ್ಲಿಗೆ ನನ್ನ ಕೈ ನಿಂತಿತು. ಹೋಟೆಲ್‌ನಿಂದ ಹತ್ತು ನಿಮಿಷ ನಡೆದರೆ ಶರಾವತಿ. ಅಮ್ಮ ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಇದೇ ಹೊಳೆಗೆ ಇಳಿಯುತ್ತಿದ್ದಳಂತೆ. ನೀರು ಇಳಿದ ಹೊತ್ತಿನಲ್ಲಿ ಸೊಂಟದವರೆಗೆ ನಿಂತು, ಕೆಸರಲ್ಲಿ ಕಾಲಬೆರಳಿಂದಲೇ ಹುಡುಕುವುದು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಸಂತೆಗೆ. ಖಾಲಿ ಚಿಪ್ಪು ಸುಣ್ಣದ ಭಟ್ಟಿಗೆ.

ಬಳಚಿಗೆ ಉಪ್ಪುನೀರೂ ಬೇಕು, ಸಿಹಿನೀರೂ ಬೇಕು. ಹಿಂದೆ ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ, ಭರತದ (ಉಬ್ಬರದ) ಜೊತೆ ಸಮುದ್ರದ ನೀರು ಒಳಗೆ ಬರುತ್ತಿತ್ತು. 1964ರಲ್ಲಿ ಇದೇ ಹೊಳೆಗೆ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು, 240 ಮೆಗಾವಾಟ್‌ನದ್ದು. ಕರೆಂಟು ವರ್ಷವಿಡೀ ಬೇಕಲ್ವಾ? ಹಾಗಾಗಿ ಟರ್ಬೈನ್ ತಿರುಗಿಸಿದ ಸಿಹಿನೀರು ಏಪ್ರಿಲ್‌ನಲ್ಲೂ ಕೆಳಗೆ ಬರುತ್ತಲೇ ಇರುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪು ತೆಳುವಾಯಿತು, ಬಳಚು ಹೋಯಿತು, ಅದರ ಜೊತೆ ಹೆಂಗಸರ ಕೈಗೆ ಬರುತ್ತಿದ್ದ ಸಂತೆ ದುಡ್ಡೂ ಹೋಯಿತು. ಪರಿಹಾರದ ಪಟ್ಟಿಯಲ್ಲಿ ಮುಳುಗಿದ ಗದ್ದೆಗೆ ಒಂದು ಸಾಲು ಇರುತ್ತದೆ. ಕೆಸರಲ್ಲಿ ಹುಡುಕುವ ಕಾಲಬೆರಳಿಗೆ ಯಾರು ಸರ್ವೆ ನಂಬರ್ ಕೊಡುತ್ತಾರೆ? ನನ್ನ ತಲೆ ಮೇಲೆ ತಿರುಗುತ್ತಿದ್ದ ಫ್ಯಾನಿಗೂ ಅದೇ ಹೊಳೆಯ ಕರೆಂಟು ಇರಬಹುದು, ಆ ಮಾತು ಬೇರೆ.

ಉತ್ತರಕ್ಕೆ ಸ್ವಲ್ಪ ದೂರದ, ಕುಮಟೆ ಬದಿಯ ಅಘನಾಶಿನಿ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಈಗಲೂ ಎರಡು ಸಾವಿರಕ್ಕೂ ಹೆಚ್ಚು ಜನ ಬಳಚನ್ನೇ ನಂಬಿದ್ದಾರೆ ಅಂತ ಓದಿದ ನೆನಪು. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಒಂದೇ ಜಿಲ್ಲೆ, ಒಂದೇ ಸಮುದ್ರ, ಅಕ್ಕಪಕ್ಕದ ಎರಡು ಹೊಳೆ.

ಅಮ್ಮನಿಗೆ ಒಂದು ಪಾರ್ಸೆಲ್ ಕಟ್ಟಿಸಿಕೊಂಡೆ. ಬಾಳೆಎಲೆಯಲ್ಲಿ ಕಟ್ಟಿ, ಮೇಲೆ ಪೇಪರ್ ಸುತ್ತಿ ಕೊಟ್ಟರು. ಪ್ಲಾಸ್ಟಿಕ್ ಇಲ್ಲ, ಅದಕ್ಕೊಂದು ಅಂಕ ಜಾಸ್ತಿ. ಮನೆಯಲ್ಲಿ ಅಮ್ಮ ಒಂದು ಚಿಪ್ಪು ಹೀರಿ, ನಾಲಿಗೆ ತುದಿಯಿಂದ ಮರಳು ತೆಗೆದು ತಟ್ಟೆಯ ಅಂಚಿಗೆ ಒರೆಸಿದಳು. ‘ಮಸಾಲೆ ಅಡ್ಡಿಲ್ಲ. ಬಳಚು ತೊಳೆಯಲು ಬರುವುದಿಲ್ಲ ಅವಳಿಗೆ. ಕೊಂಡು ತಂದವರು ಹಾಗೇ’ ಅಂದಳು. ಮತ್ತೆ ಉಳಿದದ್ದನ್ನೆಲ್ಲ ತಿಂದಳು.

ನನ್ನ ಲೆಕ್ಕ: ಸುಕ್ಕಾಗೆ ಐದಕ್ಕೆ ನಾಲ್ಕು, ಸಾರಿಗೆ ಎರಡೂವರೆ. ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ, ಆಮೇಲೆ ಬರೀ ಸಾರು ಅನ್ನ. ಬಳಚಿಗೇ ಹೋಗುವವರು ಹಲಗೆ ನೋಡಿಯೇ ಕುಳಿತುಕೊಳ್ಳಿ. ಕುಮಟೆಯ ಬುಟ್ಟಿ ಬರದ ದಿನ ಆ ಸಾಲು ಖಾಲಿ.