ಉರಿಯೂತಕ್ಕೆ ‘ಸಮುದ್ರದ ಔಷಧ’ ಅಂತ ಮಾರುವವರಿದ್ದಾರೆ, ಹುಷಾರು

ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತದ ಕಾಯಿಲೆ), ಸೋರಿಯಾಸಿಸ್ (ಚರ್ಮದ ಉರಿಯೂತದ ಕಾಯಿಲೆ) ಇರುವವರು ದಯವಿಟ್ಟು ಪೂರ್ತಿ ಓದಿ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ನನಗಿರೋದು ರುಮಟಾಯ್ಡ್. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗಲ್ಲ. ನಮ್ಮಂಥ ರೋಗಿಗಳ ವಾಟ್ಸಾಪ್ ಗುಂಪಿಗೆ ಇಂಥವರು ಹೇಗೆ ಬರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಎರಡು ಡಬ್ಬಿ ಕೊಟ್ಟರು. ಒಂದು ಮೀನೆಣ್ಣೆ, ಇನ್ನೊಂದು ಕಡಲಕಳೆ ಮತ್ತು ಹಸಿರು ಚಿಪ್ಪುಮೀನಿನ ಪುಡಿ. ಉರಿಯೂತ ಬುಡದಿಂದಲೇ ಹೋಗುತ್ತೆ ಅಂದರು.

ಸಾಕ್ಷಿ ಕೇಳಿದೆ. “ಸಮುದ್ರದಿಂದ ಬಂದ ನೋವಿನ ಔಷಧಕ್ಕೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿದೆ ಮೇಡಂ” ಅಂದರು. ಅದು ನಿಜ. ಅದರ ಹೆಸರು ಜಿಕೊನೊಟೈಡ್. ಕೋನ್ ಸ್ನೇಲ್ ಅನ್ನೋ ಕಡಲ ಬಸವನಹುಳುವಿನ ವಿಷದಲ್ಲಿ ಸಿಕ್ಕಿದ್ದನ್ನು ಲ್ಯಾಬಿನಲ್ಲಿ ತಯಾರಿಸುತ್ತಾರೆ. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಪಂಪ್ ಮೂಲಕ ಬಿಡುತ್ತಾರೆ. ಅದು ಕೀಲಿನ ಉರಿಯೂತದ ಔಷಧವೇ ಅಲ್ಲ. ಇವರ ಡಬ್ಬಿಯಲ್ಲಿ ಅದು ಇರಲೂ ಇಲ್ಲ!

ಆಮೇಲೆ ಸ್ಪಂಜಿನ ಕಥೆ ಹೇಳಿದರು. ಸ್ಪಂಜು ಅನ್ನೋ ಕಡಲ ಜೀವಿಯಲ್ಲಿ ಮನೋಅಲೈಡ್ ಅಂತ ಉರಿಯೂತ ತಗ್ಗಿಸೋ ವಸ್ತು ಸಿಕ್ಕಿದ್ದು ನಿಜ. ಸೋರಿಯಾಸಿಸ್ ರೋಗಿಗಳ ಮೇಲೆ ಪರೀಕ್ಷೆಯೂ ನಡೆಯಿತು. ಆದರೆ ಅದು ಔಷಧವಾಗಿ ಹೊರಗೆ ಬರಲೇ ಇಲ್ಲ. ಆ ಅರ್ಧ ಮಾತನ್ನು ಇವರು ಹೇಳಲಿಲ್ಲ.

ಬೆರಳಿನ ಊತ ಇಳಿಯಲಿಲ್ಲ. ಒಂದು ರಾತ್ರಿ ಡಬ್ಬಿ ತಿರುಗಿಸಿ ನೋಡಿದೆ. ಮುಂದೆ ದೊಡ್ಡದಾಗಿ ಮೀನೆಣ್ಣೆ 1000 ಮಿಲಿಗ್ರಾಂ. ಹಿಂದೆ ಸಣ್ಣ ಅಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಇವು ಮೀನೆಣ್ಣೆಯಲ್ಲಿರೋ ಒಮೆಗಾ-3 ಕೊಬ್ಬುಗಳು. ಕೆಲಸ ಮಾಡೋದು ಅವೆರಡೇ ಅಲ್ವಾ? ಅಂದರೆ 300 ಮಿಲಿಗ್ರಾಂ. ರುಮಟಾಯ್ಡ್‌ಗೆ ಅಷ್ಟಿಷ್ಟು ಗುಣ ಕಂಡ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅವೆರಡೂ ಸೇರಿ ದಿನಕ್ಕೆ ಸುಮಾರು 3 ಗ್ರಾಂ ಕೊಟ್ಟಿದ್ದರು, ಅದೂ ತಿಂಗಳುಗಟ್ಟಲೆ. ಇವರು ಹೇಳಿದ್ದು ದಿನಕ್ಕೆ ಎರಡು ಕ್ಯಾಪ್ಸೂಲ್, ಅಂದರೆ 600 ಮಿಲಿಗ್ರಾಂ. ಇನ್ನೊಂದು ಡಬ್ಬಿಯಲ್ಲಿ ಯಾವುದು ಎಷ್ಟಿದೆ ಅಂತಲೇ ಬರೆದಿಲ್ಲ. ಹೊಟ್ಟೆ ಉರಿದುಹೋಯಿತು.

ಕೇಳಿದೆ. “ಸಮುದ್ರದ್ದು ನಿಧಾನ ಮೇಡಂ.” ಮತ್ತೆ ಕೇಳಿದೆ. “ನೋವು ಜಾಸ್ತಿಯಾದರೆ ಒಳ್ಳೇದು, ವಿಷ ಹೊರಗೆ ಬರ್ತಿದೆ.” ಮತ್ತೆ ಕೇಳಿದ್ದಕ್ಕೆ, “ನೀವು ಮೆಥೋಟ್ರೆಕ್ಸೇಟ್ ಬಿಟ್ಟಿಲ್ಲ, ಇದು ಹೇಗೆ ಕೆಲಸ ಮಾಡುತ್ತೆ?” ಅಂದರು. ಮೆಥೋಟ್ರೆಕ್ಸೇಟ್ ಅಂದರೆ ರುಮಟಾಯ್ಡ್‌ಗೆ ವೈದ್ಯರು ಕೊಟ್ಟ ಮಾತ್ರೆ. ಅವರ ಈ ಮಾತು ನನಗೆ ಇನ್ನೂ ಮರೆಯೋಕೆ ಆಗ್ತಿಲ್ಲ. ಈ ಕಾಯಿಲೆಯಲ್ಲಿ ಒಮ್ಮೆ ಸವೆದ ಕೀಲು ವಾಪಸ್ ಬರಲ್ಲ. ಮಾತ್ರೆ ಬಿಡಿ ಅಂತ ಇಷ್ಟು ಸಲೀಸಾಗಿ ಹೇಳ್ತಾರೆ! ದುಡ್ಡು ವಾಪಸ್ ಕೇಳಿದಾಗ ಮಾತ್ರ, “ಇದು ಔಷಧ ಅಲ್ಲ, ಪೂರಕ ಆಹಾರ, ಲೇಬಲ್ ಓದಿ” ಅಂದರು. ಲೇಬಲ್ ಓದಿ ಅಂತೆ! ಆಮೇಲೆ ಬ್ಲಾಕ್.

ಮೀನೆಣ್ಣೆ ಬೇಕಿದ್ದರೆ ವೈದ್ಯರನ್ನು ಕೇಳಿ, ಹಿಂದಿನ ಲೇಬಲ್‌ನಲ್ಲಿ ಇಪಿಎ, ಡಿಎಚ್‌ಎ ಎಷ್ಟಿದೆ ನೋಡಿ. ಚಿಪ್ಪುಮೀನಿನ ಅಲರ್ಜಿ ಇದ್ದರೆ ಆ ಪುಡಿ ಮುಟ್ಟಲೇಬೇಡಿ. ಕಡಲಕಳೆಯಲ್ಲಿ ಅಯೋಡಿನ್ ಜಾಸ್ತಿ ಇರಬಹುದು, ಥೈರಾಯ್ಡ್ ಇರುವವರು ಹುಷಾರು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳುವವರು ಕೇಳದೆ ಯಾವುದನ್ನೂ ಶುರು ಮಾಡಬೇಡಿ. ನನಗೆ ಇದನ್ನು ಯಾರೂ ಕೇಳಲಿಲ್ಲ, ಒಂದೇ ಒಂದು ಪ್ರಶ್ನೆ ಕೂಡ ಇಲ್ಲ. ಅದೇ ಬಸವನಹುಳುವಿನ ಮೆಸೇಜ್ ನಿನ್ನೆ ಸೋರಿಯಾಸಿಸ್ ಗುಂಪಿಗೂ ಬಂದಿದೆ.