ಸ್ಪರ್ಶ ಗೊತ್ತಾಗದ ಕೈಗೆ ಶಾಖ ಕೊಡಲು ಬಿಡಬೇಡಿ

ಲಕ್ವ ಹೊಡೆದವರನ್ನು ಥೆರಪಿಗೆ ಕರೆದುಕೊಂಡು ಹೋಗುತ್ತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಚಿಕ್ಕಪ್ಪನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಆಸ್ಪತ್ರೆಯಿಂದ ಬಂದಾಗ ಅವರು ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಎಡಗೈ ಮಾತ್ರ ಜೋತುಬಿದ್ದಿತ್ತು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಊರಿನ ಒಂದು ಥೆರಪಿ ಸೆಂಟರ್‌ನವರು "ಮೂರು ತಿಂಗಳಲ್ಲಿ ಕೈ ಪೂರ್ತಿ ಬರುತ್ತೆ, ಗ್ಯಾರಂಟಿ" ಎಂದು ಪ್ಯಾಕೇಜಿನ ಹಣವನ್ನೆಲ್ಲ ಮೊದಲೇ ಕಟ್ಟಿಸಿಕೊಂಡರು. ಅಲ್ಲಿ ದಿನವೂ ಮಲಗಿಸಿ ಕರೆಂಟ್ ಮಷಿನ್ ಹಚ್ಚುವುದು, ಬಿಸಿ ಪ್ಯಾಕ್ ಸುತ್ತುವುದು, ಎಡಗೈಯನ್ನು ರಾಟೆಯ ಹಗ್ಗಕ್ಕೆ ಕಟ್ಟಿ ಬಲಗೈಯಿಂದ ತಲೆಯ ಮೇಲಕ್ಕೆ ಎಳೆಸುವುದು, ಇಷ್ಟೇ.

ಒಂದು ಸಂಜೆ ಅಂಗಿ ಬಿಚ್ಚುವಾಗ ಚಿಕ್ಕಮ್ಮ ಕಂಡರು: ಮೊಣಕೈ ಕೆಳಗೆ ರೂಪಾಯಿ ಅಗಲದ ನೀರುಗುಳ್ಳೆಗಳು, ಒಂದು ಆಗಲೇ ಒಡೆದು ಬಟ್ಟೆಗೆ ಅಂಟಿತ್ತು. "ಉರೀತಿಲ್ವೇನ್ರೀ?" ಎಂದರೆ ಚಿಕ್ಕಪ್ಪ ಸುಮ್ಮನೆ ಕೈ ನೋಡಿಕೊಂಡರು. ಸೆಂಟರ್‌ನಲ್ಲಿ ಕೇಳಿದರೆ, "ಬಿಸಿ ಜಾಸ್ತಿ ಆದ್ರೆ ಪೇಷಂಟೇ ಹೇಳ್ಬೇಕಿತ್ತು" ಎಂಬ ಉತ್ತರ. ಬಿಸಿಯೇ ಗೊತ್ತಾಗದವರು ಹೇಗೆ ಹೇಳಬೇಕು? ಶಾಖ ಕೊಡುವ ಮುಂಚೆ ಬಿಸಿ, ತಣ್ಣನೆಯ ವ್ಯತ್ಯಾಸ ರೋಗಿಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸಲೇಬೇಕು. ತಿಳಿಯದಿದ್ದರೆ ಆ ಜಾಗಕ್ಕೆ ಶಾಖ ಕೊಡುವಂತೆಯೇ ಇಲ್ಲ.

ಭುಜದ್ದು ಇನ್ನೂ ಕಷ್ಟ. ಲಕ್ವದಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿ, ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಅಂಥ ಕೈಯನ್ನು ರಾಟೆಯಲ್ಲಿ ಮೇಲಕ್ಕೆಳೆದರೆ ಕೀಲಿನೊಳಗಿನ ಭಾಗಗಳಿಗೆ ಪೆಟ್ಟಾಗುತ್ತದೆ. ಲಕ್ವದ ಭುಜಕ್ಕೆ ರಾಟೆ ಬೇಡವೆಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಚಿಕ್ಕಪ್ಪ ಈಗಲೂ ಆ ಮಗ್ಗುಲಿಗೆ ಮಲಗಲಾರರು.

ಆಮೇಲೆ ಸೆಂಟರ್‌ನವರು, ಸೋತ ಕೈಯನ್ನೇ ಬಳಸುವಂತಾಗಲಿ ಎಂಬ "ಅಮೆರಿಕದ ಪದ್ಧತಿ" ಎಂದು ಚೆನ್ನಾಗಿದ್ದ ಬಲಗೈಯನ್ನೇ ಕಟ್ಟಿಹಾಕಲು ಹೊರಟರು. ಪದ್ಧತಿ ನಿಜವಾದದ್ದೇ, ಎಡ್ವರ್ಡ್ ಟಾಬ್ ಎಂಬ ಮನಃಶಾಸ್ತ್ರಜ್ಞರು ರೂಪಿಸಿದ್ದು. ಆದರೆ 2006ರಲ್ಲಿ ಪ್ರಕಟವಾದ ಅದರ ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಮಣಿಕಟ್ಟು, ಬೆರಳುಗಳನ್ನು ತಾವಾಗಿಯೇ ಕನಿಷ್ಠ 10 ಡಿಗ್ರಿಯಾದರೂ ಮೇಲೆತ್ತಬಲ್ಲವರನ್ನು. ಒಂದು ಬೆರಳೂ ಆಡದವರ ಒಳ್ಳೆಯ ಕೈ ಕಟ್ಟಿದರೆ, ಬೀಳುವಾಗ ಆಸರೆಗೂ ಏನೂ ಉಳಿಯುವುದಿಲ್ಲ. ಅಲ್ಲಿಗೆ ನಾವು ಬಿಡಿಸಿಕೊಂಡು ಬಂದೆವು.

ಈಗ ನೋಡುತ್ತಿರುವ ಫಿಸಿಯೋ ಮೇಡಂ ಮಲಗಿಸುವುದೇ ಕಡಿಮೆ. ಕಣ್ಣು ಮುಚ್ಚಿಸಿ ಎಡಗೈಗೆ ಬೀಗದ ಕೈ, ಹತ್ತಿ, ತೆಂಗಿನ ನಾರು ಕೊಟ್ಟು ಯಾವುದೆಂದು ಕೇಳುತ್ತಾರೆ. ತಪ್ಪಿದರೆ ಕಣ್ಣು ಬಿಟ್ಟು ನೋಡಿ, ಬಲಗೈಯಲ್ಲಿ ಮುಟ್ಟಿ, ಮತ್ತೆ ಎಡಗೈಯಲ್ಲಿ. ಲೋಟ ಹಿಡಿಯುವಂಥ ದಿನನಿತ್ಯದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಮಿದುಳು ಹೊಸದಾಗಿ ಕಲಿಯುವುದು ರೋಗಿ ತಾನೇ ಪ್ರಯತ್ನಪಟ್ಟಾಗ. ಗ್ಯಾರಂಟಿಯ ಮಾತನ್ನು ಅವರು ಒಮ್ಮೆಯೂ ಆಡಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಲಕ್ವದಂಥ ಕಾಯಿಲೆಯವರ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ಒಮ್ಮೆಯಾದರೂ ತೋರಿಸಿ. ಖಾಸಗಿ ಸೆಂಟರ್ ಆದರೆ ಹಣ ಕಟ್ಟುವ ಮುಂಚೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ ಎಲ್ಲಿದೆ ಎಂದು ಕೇಳಿ. ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ವಿಚಾರಿಸುತ್ತದೆ. ಗುಳ್ಳೆಗಳ ಫೋಟೊ, ರಸೀದಿ ಸೇರಿಸಿ ನಾವು ಅಲ್ಲಿಗೇ ಕೊಟ್ಟಿದ್ದೇವೆ.