ಹಳೇ ಸೆಕ್ರೆಟರಿ ಡೆಸ್ಕ್: ಮೊದಲು ಮುಚ್ಚಳ ನೋಡಿ, ಆಮೇಲೆ ಮರ

ಹಳೇ ಸೆಕ್ರೆಟರಿ ಡೆಸ್ಕ್, ಅಂದರೆ ಮುಚ್ಚಿಡಬಹುದಾದ ಬರೆಯುವ ಮೇಜು, ಕೊಳ್ಳಲು ಹೋದವರು ಮೊದಲು ಕೇಳುವುದು 'ತೇಗವಾ, ಬೀಟೆಯಾ' ಅಂತ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಈ ಮೇಜಿನ ಜೀವ ಇರುವುದು ಮುಚ್ಚಳದಲ್ಲಿ. ಅದು ಹೇಗೆ ತೆರೆಯುತ್ತದೆ, ತೆರೆದಾಗ ಭಾರ ಎಲ್ಲಿ ಬೀಳುತ್ತದೆ, ಮುಚ್ಚಬೇಕಾದಾಗ ಅರ್ಧಕ್ಕೆ ನಿಂತ ಕೆಲಸದ ಗತಿ ಏನು? ದಿನಾ ಅದರ ಮುಂದೆ ಕೂತು ಕೆಲಸ ಮಾಡುವವರು ಇದನ್ನೇ ನೋಡಬೇಕು.

ನಾನು ಮೂರು ಬಗೆಯವನ್ನು ಬಳಸಿದ್ದೇನೆ. ಇಳಿಜಾರು ಮುಚ್ಚಳದ್ದು ಮಲೆನಾಡಿನ ನೆಂಟರ ಮನೆಯಿಂದ ಬಂತು. ಸುರುಳಿ ಮುಚ್ಚಳದ್ದನ್ನು, ಅಂದರೆ ರೋಲ್‌ಟಾಪ್ ಅನ್ನು, ಬೆಂಗಳೂರಿನಲ್ಲಿ ಹಳೇ ಆಫೀಸ್ ಸಾಮಾನು ಮಾರುವವರ ಹತ್ತಿರ ಕೊಂಡೆ. ಮೂರನೆಯದು ಡ್ರಾಯರ್ ಒಳಗೇ ಅಡಗಿರುವ ಮೇಜು. ಅದು ಮಂಗಳೂರಿನಲ್ಲಿರುವ ನಮ್ಮ ಚಿಕ್ಕಮ್ಮನದು. ಅಲ್ಲಿದ್ದಷ್ಟು ದಿನ ಅದರ ಮೇಲೇ ಕೆಲಸ ಮಾಡಿದೆ.

ಇಳಿಜಾರಿನದು ಇವುಗಳಲ್ಲಿ ಹೆಚ್ಚು ಜನ ನೋಡಿರುವ ಬಗೆ. ಇಂಗ್ಲೆಂಡಿನಲ್ಲಿ ಇದನ್ನು ಬ್ಯೂರೋ ಅನ್ನುತ್ತಾರೆ. ಮೇಲೆ ಗಾಜಿನ ಬಾಗಿಲ ಪುಸ್ತಕದ ಕಪಾಟು ಸೇರಿದರೆ ಅಮೆರಿಕದಲ್ಲಿ ಸೆಕ್ರೆಟರಿ. ಮುಚ್ಚಿದಾಗ ಹದಿನೆಂಟು, ಇಪ್ಪತ್ತು ಇಂಚು ಆಳ ಅಷ್ಟೇ. ಬೆಂಗಳೂರಿನ ಫ್ಲ್ಯಾಟಿನ ಹಾಲ್‌ನಲ್ಲೂ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ತೆರೆದರೆ ಆಳ ಮೂರಡಿಯಷ್ಟಾಗುತ್ತದೆ, ಅದರ ಮುಂದೆ ಕುರ್ಚಿಗೂ ಜಾಗ ಬೇಕು. ಒಳಗೆ ಸಾಲಾಗಿ ಗೂಡುಗಳು, ಪುಟ್ಟ ಡ್ರಾಯರ್‌ಗಳು. ಕರೆಂಟ್ ಬಿಲ್, ಚೆಕ್ ಪುಸ್ತಕ, ಪೆನ್ನು ಎಲ್ಲಕ್ಕೂ ಒಂದೊಂದು ಮನೆ.

ಇದರ ಗುಟ್ಟು ಎರಡು ಪಕ್ಕದ ಆಧಾರಪಟ್ಟಿಗಳಲ್ಲಿದೆ. ಮುಚ್ಚಳದ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಮರದ ಪಟ್ಟಿ ಒಳಗೆ ಸೇರಿಕೊಂಡಿರುತ್ತದೆ. ಅವನ್ನು ಹೊರಗೆ ಎಳೆದುಕೊಂಡು ಆಮೇಲೆ ಮುಚ್ಚಳ ಇಳಿಸಬೇಕು. ಮರೆತು ಇಳಿಸಿದರೆ, ಅದರ ಮೇಲೆ ಮೊಣಕೈ ಊರಿದರೆ, ಭಾರವೆಲ್ಲ ಹಿತ್ತಾಳೆಯ ಕೀಲುಗಳ ಮೇಲೆ. ಸ್ಕ್ರೂ ಮರವನ್ನು ಕಿತ್ತುಕೊಂಡೇ ಹೊರಗೆ ಬರುತ್ತದೆ. ಅದಕ್ಕೇ ಹಳೇ ಬ್ಯೂರೋಗಳಲ್ಲಿ ಕೀಲಿನ ಸುತ್ತ ತೇಪೆ ಹಾಕಿರುವುದು ಸಾಮಾನ್ಯ. ನಮ್ಮದರಲ್ಲಿ ಬಲಗಡೆ ಕೀಲಿನ ಹತ್ತಿರ ಬೆರಳಗಲದ ಬೇರೆ ಮರದ ತುಂಡಿದೆ. ಸುತ್ತಲಿನ ಮರದ ಎಳೆ ಉದ್ದಕ್ಕೆ, ಅದರದು ಅಡ್ಡಕ್ಕೆ. ಬಣ್ಣವೂ ಸ್ವಲ್ಪ ತಿಳಿ. ತೇಪೆ ಗಟ್ಟಿಯಾಗಿದ್ದರೆ ಚಿಂತೆ ಬೇಡ, ಯಾರೋ ಒಳ್ಳೆ ಬಡಗಿ ಪ್ರೀತಿಯಿಂದ ಮಾಡಿದ್ದಾರೆ ಅಂತ ಅರ್ಥ. ಸ್ಕ್ರೂ ತೂತಿಗೆ ಬೆಂಕಿಕಡ್ಡಿ ತುರುಕಿದ್ದರೆ ಮಾತ್ರ ಯೋಚಿಸಿ.

ಇದರ ದೊಡ್ಡ ತೊಂದರೆ ಒಂದೇ. ಮುಚ್ಚಬೇಕೆಂದರೆ ಹಲಗೆ ಪೂರ್ತಿ ಖಾಲಿ ಇರಬೇಕು. ಹರಡಿಕೊಂಡ ಕಾಗದ, ಲ್ಯಾಪ್‌ಟಾಪ್ ಎಲ್ಲ ಎತ್ತಿಡಬೇಕು. ಸಂಜೆ ಮಕ್ಕಳ ಪಾಠ, ನೆಂಟರು, ಅಡುಗೆ ಎಲ್ಲ ಒಟ್ಟಿಗೆ ಇರುವ ಮನೆಯಲ್ಲಿ ಕೆಲವರಿಗೆ ಇದು ಕಿರಿಕಿರಿ. ನನಗೆ ಇದೇ ಇಷ್ಟ. ಕೆಲಸ ಮುಗಿಸಿಯೇ ಏಳುವ ಅಭ್ಯಾಸ ಬರುತ್ತದೆ.

ಕೆಲಸ ಹಾಗೇ ಬಿಟ್ಟು ಏಳುವವರಿಗೆ ರೋಲ್‌ಟಾಪ್. ಪರದೆ ಎಳೆದರೆ ಸಾಕು, ಒಳಗಿನ ಗೊಂದಲ ಇದ್ದ ಹಾಗೇ ಮರೆಯಾಗುತ್ತದೆ. ಬಚ್ಚಿಡುವ ಈ ಆಸೆ ರಾಜರಿಗೂ ಇತ್ತು. ಫ್ರಾನ್ಸಿನ 15ನೇ ಲೂಯಿಗಾಗಿ ಓಬೆನ್ ಎಂಬ ಕುಶಲಿ 1760ರಲ್ಲಿ ಶುರು ಮಾಡಿದ ಉರುಳು ಮುಚ್ಚಳದ ಮೇಜನ್ನು ರೀಸನರ್ 1769ರಲ್ಲಿ ಮುಗಿಸಿದ. ಅದು ವರ್ಸೇಲ್ಸ್ ಅರಮನೆಯ ಮೇಜು. ನಮಗೆ ಗೊತ್ತಿರುವ ಆಫೀಸ್ ರೋಲ್‌ಟಾಪ್ ಅಮೆರಿಕದ್ದು. ಬಫಲೋ ನಗರದ ಆಬ್ನರ್ ಕಟ್ಲರ್ 1882ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಇದರ ಪರದೆ ಅಂದರೆ ಕಿರಿದಾದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ಕ್ಯಾನ್ವಾಸ್ ಬಟ್ಟೆಗೆ ಅಂಟಿಸಿರುವುದು. ಎರಡು ಕಡೆ ಮರದಲ್ಲಿ ಕೊರೆದ ಕಾಲುವೆಯೊಳಗೆ ಅದು ಜಾರುತ್ತದೆ. ಬಟ್ಟೆ ಜೀರ್ಣವಾದರೆ ಪಟ್ಟಿಗಳು ಬಿಟ್ಟುಕೊಳ್ಳುತ್ತವೆ. ಮಳೆಗಾಲದಲ್ಲಿ ಮರ ಉಬ್ಬಿದರೆ ಪರದೆ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆಯಬೇಡಿ. ಆ ಕಾಲುವೆಗೆ ಮೇಣದಬತ್ತಿ ಉಜ್ಜಿ, ಎರಡು ಕೈಯಿಂದ ಸಮನಾಗಿ ತಳ್ಳಿ. ಒಂದೇ ಕಡೆ ಎಳೆದರೆ ಓರೆಯಾಗಿ ನಿಂತುಬಿಡುತ್ತದೆ. ಕೊಳ್ಳುವಾಗ ಪರದೆಯನ್ನು ಮುಕ್ಕಾಲು ಭಾಗ ಇಳಿಸಿ, ಒಳಗೆ ಟಾರ್ಚ್ ಬಿಟ್ಟು ಬಟ್ಟೆ ನೋಡಿ. ಮಾರುವವರು ಮೇಲಿನ ಪಾಲಿಶ್ ಮಾತ್ರ ತೋರಿಸುತ್ತಾರೆ.

ಜಾಗದ ಲೆಕ್ಕದಲ್ಲಿ ರೋಲ್‌ಟಾಪ್ ಸೋಲುತ್ತದೆ. ತೆರೆದರೂ ಮುಚ್ಚಿದರೂ ಮೂವತ್ತು ಇಂಚು ಆಳ ಹಿಡಿದೇ ಇರುತ್ತದೆ. ಎರಡು ಕಡೆ ಡ್ರಾಯರ್ ಸಾಲು ಇದ್ದರೆ ಲಿಫ್ಟಿಗೂ ಹೋಗಲ್ಲ. ಆದರೆ ಕೂರುವುದಕ್ಕೆ ಇದಕ್ಕಿಂತ ಸುಖ ಬೇರೊಂದಿಲ್ಲ. ನಡುವೆ ಮೊಣಕಾಲಿಗೆ ಧಾರಾಳ ಜಾಗ, ಹಲಗೆ ಅಲ್ಲಾಡುವ ಮಾತೇ ಇಲ್ಲ.

ಚಿಕ್ಕಮ್ಮನ ಮನೆಯದನ್ನು ನೋಡಿದರೆ ಸುಮ್ನೆ ಡ್ರಾಯರ್‌ಗಳ ಪೆಟ್ಟಿಗೆ ಅನ್ನಿಸುತ್ತದೆ. ಮೇಲಿನ ಡ್ರಾಯರ್ ಸ್ವಲ್ಪ ಎಳೆದು ಅದರ ಮುಖವನ್ನು ಮುಂದಕ್ಕೆ ಬೀಳಿಸಿದರೆ ಬರೆಯುವ ಹಲಗೆ. ಪಕ್ಕದ ಹಿತ್ತಾಳೆಯ ಬಾಗುಪಟ್ಟಿಗಳು ಅದನ್ನು ಹಿಡಿದುಕೊಳ್ಳುತ್ತವೆ. ಬ್ರಿಟಿಷ್ ಸೇನೆಯ ಅಧಿಕಾರಿಗಳು ಊರೂರು ಸಾಗಿಸುತ್ತಿದ್ದ ಪೀಠೋಪಕರಣಗಳಲ್ಲೂ ಈ ಬಗೆ ಇತ್ತು. ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ, ಮೂಲೆಗಳಿಗೆ ಹಿತ್ತಾಳೆ, ಹಿಡಿಗಳು ಮರದೊಳಗೇ ತಗ್ಗಿ ಕೂತಿರುತ್ತವೆ. ನೋಡುವುದಕ್ಕೆ ಮೂರರಲ್ಲಿ ಇದೇ ಚೆಂದ. ಬಳಸುವುದಕ್ಕೆ ಇದೇ ಕಷ್ಟ. ಕೆಳಗೆಲ್ಲ ಡ್ರಾಯರ್‌ಗಳು, ಕಾಲು ಎಲ್ಲಿಡುವುದು? ಓರೆಯಾಗಿ ಕೂತು ಪತ್ರ ಬರೆಯಬಹುದು, ಇಡೀ ಬೆಳಿಗ್ಗೆ ಕೆಲಸ ಮಾಡಿದರೆ ಸೊಂಟ ಹಿಡಿಯುತ್ತದೆ. ಬಟ್ಟೆಗೂ ಜಾಗ ಬೇಕು, ಅಪರೂಪಕ್ಕೆ ಬರೆಯಲೂ ಬೇಕು ಅನ್ನುವವರಿಗೆ ಸರಿ.

ನೆಲದ ಮೇಲೆ ಕೂತು ಬರೆಯುವ ಪುಟ್ಟ ಇಳಿಜಾರು ಡೆಸ್ಕ್ ಕೂಡ ಈ ಮನೆತನದ್ದೇ. ಮುಚ್ಚಳ ಎತ್ತಿದರೆ ಕಡತ, ಮಸಿ ಇಡುವ ಜಾಗ. ಹಳ್ಳಿಯ ಲೆಕ್ಕ ಬರೆಯುವ ಶಾನುಭೋಗರ ಮುಂದೆ ಇರುತ್ತಿದ್ದುದು ಇಂಥದ್ದೇ. ಅವರ ವಂಶಪಾರಂಪರ್ಯ ಹುದ್ದೆ 1961ರ ಕಾಯ್ದೆಯಿಂದ ಹೋಯಿತು, ಇಂಥ ಡೆಸ್ಕುಗಳು ಹಳ್ಳಿ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಚಕ್ಕಳಮಕ್ಕಳ ಹಾಕಿ ಕೂರಲು ಆಗುವವರಿಗೆ ಓದಲು, ಬರೆಯಲು ಬಹಳ ಒಳ್ಳೆಯದು.

ಲ್ಯಾಪ್‌ಟಾಪ್ ವಿಷಯಕ್ಕೆ ಬಂದರೆ, ಹಳೇ ಮೇಜುಗಳು ಕೈಬರಹದ ಎತ್ತರಕ್ಕೆ ಮಾಡಿದವು. ಮೂವತ್ತು ಇಂಚಿನ ಹಲಗೆಯ ಮೇಲೆ ಟೈಪ್ ಮಾಡಿದರೆ ಭುಜ ಮೇಲಕ್ಕೆ ಏರುತ್ತದೆ. ಕುರ್ಚಿ ಎತ್ತರ ಮಾಡಿ, ಕಾಲ ಕೆಳಗೆ ಮಣೆ ಇಡಿ. ವೈರಿಗೆ ಅಂತ ಹಿಂದಿನ ಹಲಗೆ ಕೊರೆಯಲೇಬೇಡಿ. ಚಾರ್ಜರ್ ಹೊರಗೇ ಇರಲಿ.

ಕುಟ್ಟೆ ಹುಳುವಿಗೆ ಡ್ರಾಯರ್ ಹೊರತೆಗೆದು ತಳ ತಟ್ಟಿ ನೋಡಿ. ತಿಳಿ ಬಣ್ಣದ ಹುಡಿ ಉದುರಿದರೆ, ತೂತಿನ ಅಂಚು ಹೊಸದಾಗಿ ಬೆಳ್ಳಗಿದ್ದರೆ, ಹುಳು ಇನ್ನೂ ಒಳಗಿರಬಹುದು. ಔಷಧಿ ಹಾಕಿಸದೆ ಮನೆಯೊಳಗೆ ತರಬೇಡಿ. ಪಾಲಿಶ್ ಯಾವುದು ಅಂತ ತಿಳಿಯಲು ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಇಡಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಅದರ ಮೇಲೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಆದರೆ ಅದನ್ನು ಸರಿ ಮಾಡಿಸಬಹುದು. ಪೂರ್ತಿ ಉಜ್ಜಿ ಮೆಲಮೈನ್ ಎಂಬ ಈಗಿನ ಗಟ್ಟಿ ಪಾಲಿಶ್ ಹೊಡೆಸಿದರೆ ಹಳೇ ಮೈ ಮತ್ತೆ ಬರಲ್ಲ.

ಈಗ ನಮ್ಮ ಮನೆಯಲ್ಲಿ ಉಳಿದಿರುವುದು ಬ್ಯೂರೋ. ರೋಲ್‌ಟಾಪ್ ಅನ್ನು ದೊಡ್ಡ ಕೋಣೆಯಿರುವ ಗೆಳೆಯರಿಗೆ ಕೊಟ್ಟೆ. ಅಮೆರಿಕದಲ್ಲಿರುವ ಮಗಳು ಅಳಿಯನಿಗೆ ಅಜ್ಜನ ಮೇಜು ಕಳಿಸಬೇಕು ಅಂತ ಇರುವವರು ಮೊದಲು ಅದರ ವಯಸ್ಸು ನೋಡಿಸಿ. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದಕ್ಕೆ 1972ರ ಕಾಯ್ದೆಯ ತಡೆಯಿದೆ.